ಎಲ್ಲದಕ್ಕೂ ಆಗುವ ಹೆಡ್‌ಸೆಟ್

ಆರ್.ಕೆ.ಪುರಂನ ಐದನೇ ಸೆಕ್ಟರಿನಲ್ಲಿ, ಸರ್ಕಾರಿ ಕ್ವಾರ್ಟರ್ಸುಗಳ ನಡುವೆ, ಹಳೇ ಗುಂಬಜುಗಳ ಪಕ್ಕದಲ್ಲಿ ಒಂದು ಬಾವಿ ಇದೆ. ಮೆಟ್ಟಿಲಿಳಿದು ಹೋಗುವ ಬಾವಿ... ಅಲ್ಲಿಯವರು ಬಾವ್ಲಿ ಅನ್ನುತ್ತಾರೆ. ಹಗಲು ಹೊತ್ತು ಹುಡುಗರು ಕ್ರಿಕೆಟ್ ಚೆಂಡು ಹುಡುಕಿಕೊಂಡು ಇಳಿಯುತ್ತಾರೆ. ಕತ್ತಲಾದ ಮೇಲೆ ಯಾರೂ ಇಳಿಯುವುದಿಲ್ಲ. ಯಾಕೆ ಅಂತ ಕೇಳಿದರೆ "ಚಳಿ" ಅನ್ನುತ್ತಾರೆ, ಮೇ ತಿಂಗಳಲ್ಲೂ.

ಎರಡು ಸಾವಿರದ ಎಂಟರ ಡಿಸೆಂಬರಿನ ಒಂದು ಸಂಜೆ ಸ್ಫೂರ್ತಿ ಆ ಬಾವಿಯ ಪಕ್ಕದ ಕಾಲುದಾರಿಯಲ್ಲಿ ಮನೆಗೆ ಬರುತ್ತಿದ್ದಳು. ಸಂಜೆ ಅನ್ನುವುದು ಹೆಸರಿಗೆ. ದೆಹಲಿಯ ಚಳಿಗಾಲದಲ್ಲಿ ಆಫೀಸು ಬಿಡುವಷ್ಟರಲ್ಲಿ ರಾತ್ರಿ ಬಂದು ಕೂತಿರುತ್ತದೆ. ಮಂಜು. ಬೀದಿದೀಪ ಉರಿಯುತ್ತಿತ್ತು, ಬೆಳಕು ನೆಲದವರೆಗೆ ಇಳಿಯುತ್ತಿರಲಿಲ್ಲ. ಅವಳ ಕೈಯಲ್ಲಿ ಒಂದು ಕಪ್ಪು ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಒಂದು ಹೆಡ್‌ಸೆಟ್, ಬಾಯಲ್ಲಿ ದೆಹಲಿಯ ಅಷ್ಟೂ ಅಂಗಡಿಯವರಿಗೆ ಹಾಕಬೇಕಾದ ಶಾಪ. ಕಿವಿ ಮರಗಟ್ಟುತ್ತಿತ್ತು. ಟೋಪಿ ಮರೆತಿದ್ದಳು. ಇದಾದರೂ ಒಂದು ಉಪಯೋಗಕ್ಕೆ ಬರಲಿ ಅಂತ ಹೆಡ್‌ಸೆಟ್ಟನ್ನೇ ತೆಗೆದು ಕಿವಿಗೆ ಹಾಕಿಕೊಂಡಳು. ತಂತಿ ಕೋಟಿನ ಮೇಲೆ ಜೋತಾಡುತ್ತಿತ್ತು. ಟಿಕ್... ಟಿಕ್... ಕೋಟಿನ ಗುಂಡಿಗೆ ಪಿನ್ನು ತಾಗುವ ಸದ್ದು.

ಬಾವಿಯ ಕಟ್ಟೆಯ ಹತ್ತಿರ ಬಂದಾಗ ಟಿಕ್ ನಿಂತಿತು. ಅವಳು ನಿಂತಿರಲಿಲ್ಲ.

ಆಮೇಲೆ ಎಡಗಿವಿಯಲ್ಲಿ... ಮಾತಾಡುವ ಮುಂಚೆ ಯಾರಾದರೂ ಉಸಿರು ಎಳೆದುಕೊಳ್ಳುತ್ತಾರಲ್ಲ, ಆ ಸದ್ದು. ಅಷ್ಟೇ. ಮಾತು ಬರಲಿಲ್ಲ.

ಶಂಖವನ್ನು ಕಿವಿಗಿಟ್ಟರೂ ಸಮುದ್ರ ಕೇಳುತ್ತದೆ ಅಂತ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡವಳು ಮನೆಯವರೆಗೂ ಓಡು ನಡಿಗೆಯಲ್ಲೇ ಬಂದಳು.

ಆ ಹೆಡ್‌ಸೆಟ್ ಅವಳಿಗೆ ಯಾಕೆ ಬೇಕಿತ್ತು ಅನ್ನುವುದನ್ನು ಮೊದಲು ಹೇಳಬೇಕು.

ಸ್ಫೂರ್ತಿಯ ಅಣ್ಣ ಚಂದ್ರಕಾಂತ ನೋಯ್ಡಾದ ಒಂದು ಕಂಪನಿಯಲ್ಲಿದ್ದ. ಅಲ್ಲೇ ಕೆಲಸ ಮಾಡುವ ಜಸ್ಲೀನ್ ಅನ್ನುವ ಸಿಖ್ ಹುಡುಗಿಯನ್ನು ರಿಜಿಸ್ಟರ್ ಮದುವೆಯಾದ. ಅಪ್ಪ ಸೋಮಶೇಖರ ಚಿತ್ರದುರ್ಗದ ಕಡೆಯವರು, ಮಿನಿಸ್ಟ್ರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಕೂಗಾಡಲಿಲ್ಲ. ಮಗನಿಗೆ ಬಾಗಿಲು ತೋರಿಸಿದರು. ಆಮೇಲೆ ಮಗಳನ್ನು ದೇವರ ಗೂಡಿನ ಮುಂದೆ ನಿಲ್ಲಿಸಿ, ಹೆಂಡತಿ ರತ್ನಮ್ಮನ ತಲೆಯ ಮೇಲೆ ಅವಳ ಕೈ ಇಡಿಸಿ ಆಣೆ ಮಾಡಿಸಿದರು. ಒಕ್ಕಣೆ ಅವರದೇ: ಅವನ ಜೊತೆ ಫೋನಿನಲ್ಲಿ ಮಾತಾಡುವುದಿಲ್ಲ, ಕಾಗದ, ಈಮೇಲ್, ಎಸ್ಸೆಮ್ಮೆಸ್ ಯಾವುದನ್ನೂ ಕಳಿಸುವುದಿಲ್ಲ, ಅವನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಮುರಿದರೆ ತಾಯಿಗೆ ತಟ್ಟುತ್ತದೆ. ಜೀವಮಾನವೆಲ್ಲ ಸರ್ಕಾರಿ ಆದೇಶ ಬರೆದ ಕೈ. ಒಂದು ಕಲಮೂ ಬಿಟ್ಟಿರಲಿಲ್ಲ.

ಗೇಮ್ ಒಂದನ್ನು ಬಿಟ್ಟಿದ್ದರು.

ಅವರ ಮಗಳೇ ತಾನೆ, ಆದೇಶದಲ್ಲಿ ಸಂದು ಹುಡುಕಿದಳು. ಅಣ್ಣ ತಂಗಿ ಚಿಕ್ಕಂದಿನಿಂದ ಕೂಡಿ ಆಡಿದವರು. ಈಗ ಅವನು ನೋಯ್ಡಾದಿಂದ, ಇವಳು ಆರ್.ಕೆ.ಪುರಂನಿಂದ, ಇಂಟರ್‌ನೆಟ್ ಮೇಲೆ ಒಂದೇ ಯುದ್ಧಭೂಮಿಯಲ್ಲಿ ಓಡುತ್ತ, ಗುಂಡು ಹಾರಿಸುತ್ತ, ನಡುನಡುವೆ ಪಿಸುಮಾತು.

"ಅಮ್ಮನ ಬಿಪಿ ಹೇಗಿದ್ಯೇ?"

"ಮಾತ್ರೆ ತಗೋತಾಳೆ. ಹಿಂದೆ ಒಬ್ಬ ಬಂದ, ತಿರುಗೋ!"

"ಕತ್ತೆ, ಮೊದಲೇ ಹೇಳಬಾರದಾ?"

ಇದು ಫೋನಲ್ಲ, ಕಾಗದವಲ್ಲ. ಇಂಟರ್‌ನೆಟ್ ಬಿಲ್ಲನ್ನು ಅಪ್ಪನೇ ಕಟ್ಟುತ್ತಿದ್ದರು. ಅಮ್ಮನಿಗೆ ಏನೂ ತಟ್ಟದ ಹಾಗೆ ಅಣ್ಣನನ್ನು ಉಳಿಸಿಕೊಳ್ಳುವುದಕ್ಕೆ ಅವಳಿಗೆ ಉಳಿದಿದ್ದ ದಾರಿ ಇದೊಂದೇ. ಆ ದಾರಿಗೆ ಅಡ್ಡ ಕೂತದ್ದು ಅಪ್ಪ ಅಲ್ಲ, ಒಂದು ಪಿನ್ನು.

ವಾರದ ದಿನಗಳಲ್ಲಿ ಚಂದ್ರು ಶಿಫ್ಟ್ ಮುಗಿಸಿ ಆಫೀಸಿನ ಕಂಪ್ಯೂಟರಿನಲ್ಲೇ ಆಡುತ್ತಿದ್ದ. ಆಗ ಇವಳೂ ಕಂಪ್ಯೂಟರಿನಲ್ಲಿ. ಶನಿವಾರ ಭಾನುವಾರ ಜಸ್ಲೀನಳ ತಮ್ಮನ ಎಕ್ಸ್‌ಬಾಕ್ಸಿನಲ್ಲಿ, ಅಂದರೆ ಪರದೆಗೆ ಹಚ್ಚಿ ಗೇಮ್ ಆಡುವ ಪೆಟ್ಟಿಗೆಯಲ್ಲಿ, ಆಡುತ್ತಿದ್ದ. ಆಗ ಇವಳೂ ಎಕ್ಸ್‌ಬಾಕ್ಸಿನಲ್ಲಿ. ಇವಳದು ಚಂದ್ರು ಬಿಟ್ಟುಹೋದದ್ದು. ಅಪ್ಪ ಅದನ್ನು ವಿಸಿಆರ್ ಅಂದುಕೊಂಡಿದ್ದರಿಂದ ಮನೆಯಲ್ಲಿ ಉಳಿದಿತ್ತು. ಸ್ಪೀಕರ್ ಹಾಕುವಂತಿಲ್ಲ. ಎರಡು ಕೋಣೆಯ ಕ್ವಾರ್ಟರ್ಸು, ಅಣ್ಣನ ದನಿ ನೇರ ಅಡುಗೆಮನೆಗೆ ಹೋಗುತ್ತದೆ. ಎರಡಕ್ಕೆ ಎರಡು ಹೆಡ್‌ಸೆಟ್ ಇಡುವಂತೆಯೂ ಇಲ್ಲ. ಒಂದಿದ್ದರೆ ಅದು ಹಾಡು ಕೇಳೋದು, ಎರಡಾದರೆ ವಿಚಾರಣೆ.

ಎರಡಕ್ಕೂ ಆಗುವ ಒಂದು ಹೆಡ್‌ಸೆಟ್. ಅವಳು ದೇವರನ್ನು ಕೇಳಿದ್ದು ಇಷ್ಟೇ.

ಕಂಪ್ಯೂಟರ್ ಅಂಗಡಿಗಳ ಸಂತೆ ನೆಹರೂ ಪ್ಲೇಸಿನಲ್ಲಿ ತಂದದ್ದಕ್ಕೆ ಎರಡು ಪಿನ್ನು, ಒಂದು ಗುಲಾಬಿ, ಒಂದು ಹಸಿರು. ಕಂಪ್ಯೂಟರಿಗೆ ಸರಿಹೋಯಿತು. ಎಕ್ಸ್‌ಬಾಕ್ಸಿನ ಕಂಟ್ರೋಲರಿಗೆ ಇದ್ದದ್ದು ಒಂದೇ ತೂತು, ಅದೂ ಮೂಗುಬೊಟ್ಟಿನ ತೂತಿನಷ್ಟು. ಆ ತೂತಿಗೆ ಹೊಂದುವುದನ್ನೇ ಹುಡುಕಿ ತಂದಳು. ಅದನ್ನು ಕಂಪ್ಯೂಟರಿಗೆ ಹೇಗೋ ಚುಚ್ಚಿದರೆ ಅಣ್ಣನ ಮಾತು ಇವಳಿಗೆ ಬಂತು, ಇವಳ ಮಾತು ಅಣ್ಣನಿಗೆ ಹೋಗಲಿಲ್ಲ. ಯುಎಸ್‌ಬಿಯದು ತಂದಳು. ಎಕ್ಸ್‌ಬಾಕ್ಸು ಅದನ್ನು ಬೀಗರ ಮನೆಗೆ ಕರೆಯದೆ ಬಂದವರನ್ನು ನೋಡುವ ಹಾಗೆ ನೋಡಿ ಸುಮ್ಮನಾಯಿತು. ನಡುವೆ ಸಿಕ್ಕಿಸುವ ಕನ್ವರ್ಟರ್ ತಂದಳು. ಗುಂಯ್... ಅಂತ ಟ್ರಾನ್ಸ್‌ಫಾರ್ಮರಿನ ಸದ್ದು, ಅದರೊಳಗೆ ಎಲ್ಲೋ ಅಣ್ಣ. ಅಂಗಡಿಯವರು ಮಾತ್ರ ಒಂದೇ ಪಾಠ ಓದಿದವರು. "ಚಲೇಗಾ ಮೇಡಂ, ಕ್ಯೋಂ ನಹೀಂ ಚಲೇಗಾ?" ಬದಲಾಯಿಸಿಕೊಡಿ ಅಂತ ಹೋದರೆ, "ಆಪ್‌ನೇ ಖೋಲ್ ದಿಯಾ ನಾ!" ತೆರೆಯದೆ ಚಲೇಗಾ ಅನ್ನೋದು ಗೊತ್ತಾಗೋದು ಹೇಗೆ ಭಯ್ಯಾ? ಅದಕ್ಕೆ ಚಹಾ ಕುಡೀತೀರಾ ಅನ್ನುವವರು.

ಕೊನೆಗೆ ಒಂದು ಭಾನುವಾರ, ಗುಂಯ್ ನಡುವಿನಿಂದ ಚಂದ್ರು ಅಂದ: "ಬಿಡು ಸ್ಫೂ. ಇಷ್ಟು ಕಷ್ಟ ಯಾಕೆ. ಸ್ವಲ್ಪ ದಿನ ಬಿಟ್ಟು ನೋಡೋಣ."

ಸ್ವಲ್ಪ ದಿನ ಅಂದರೆ ಎಷ್ಟು ದಿನ ಅಂತ ಅವಳಿಗೆ ಗೊತ್ತಿತ್ತು. ಅಪ್ಪನ ಆಫೀಸಿನ ಫೈಲುಗಳೂ ಸ್ವಲ್ಪ ದಿನಕ್ಕೇ ಕಪಾಟು ಸೇರುವುದು. ಮರುದಿನ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಪಾಲಿಕಾ ಬಜಾರಿಗೆ ಹೋದಳು.

ಕನಾಟ್ ಪ್ಲೇಸಿನ ಹುಲ್ಲಿನ ಕೆಳಗೆ, ನೆಲದೊಳಗಿನ ಅಂಗಡಿಸಾಲು ಅದು. ಮೂಲೆಯ ಅಂಗಡಿಯವನು ಬಗ್ಗಿ, ಕೌಂಟರಿನ ಅಡಿಯ ರಟ್ಟಿನ ಪೆಟ್ಟಿಗೆಯಿಂದ ಒಂದು ಹೆಡ್‌ಸೆಟ್ ಎಳೆದ. ಕಪ್ಪು. ಕಂಪನಿಯ ಹೆಸರಿಲ್ಲ. ಕಿವಿಯ ಮೆತ್ತೆ ಮುಟ್ಟಿದಳು. ಬೆಚ್ಚಗಿತ್ತು... ಈಗಷ್ಟೇ ಯಾರೋ ತೆಗೆದಿಟ್ಟ ಹಾಗೆ.

"ಕಿಸ್ ಮೇ ಚಲೇಗಾ?"

"ಸಬ್ ಮೇ."

"ಕಂಪ್ಯೂಟರ್? ಎಕ್ಸ್‌ಬಾಕ್ಸ್?"

"ಸಬ್ ಮೇ, ಮೇಡಂ. ಲೇಕಿನ್ ವಾಪಸ್ ನಹೀಂ ಹೋಗಾ."

ಎಲ್ಲದಕ್ಕೂ ಆಗುತ್ತೆ, ಆದರೆ ವಾಪಸ್ ಆಗಲ್ಲ. ಇಷ್ಟು ದಿನದಲ್ಲಿ ನಿಜ ಹೇಳಿದ ಅಂಗಡಿಯವನು ಇವನೊಬ್ಬನೇ ಅಂತ ಅವಳಿಗೆ ಅನ್ನಿಸಿತು. ಅದನ್ನೇ ಕಿವಿಗೆ ಹಾಕಿಕೊಂಡು ಅವಳು ಬಾವಿಯ ಪಕ್ಕ ಬಂದದ್ದು.

ಆವತ್ತು ಮನೆಗೆ ಬಂದವಳೇ ಕಂಪ್ಯೂಟರಿಗೆ ಚುಚ್ಚಿದಳು. ಖಟ್.

"ಸ್ಫೂ..."

ಎಷ್ಟು ಹತ್ತಿರ! ಗುಂಯ್ ಇಲ್ಲ, ಖರಖರ ಇಲ್ಲ. ಭುಜದ ಹಿಂದೆ ನಿಂತು ಹೇಳಿದ ಹಾಗೆ. ಶನಿವಾರ ಎಕ್ಸ್‌ಬಾಕ್ಸಿಗೆ ಚುಚ್ಚಿದಳು. ಖಟ್. "ಸ್ಫೂ..." ಅದೇ ದನಿ, ಅಷ್ಟೇ ಹತ್ತಿರ. ಅವಳು ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಎಷ್ಟೋ ತಿಂಗಳ ಮೇಲೆ, ಸುಮ್ಮನೆ ನಕ್ಕಳು.

ಮೂರು ವಾರ ಹಾಗೇ ನಡೆಯಿತು.

ಚಂದ್ರು ಈಗ ಪಿಸುಗುಡುತ್ತಲೇ ಮಾತಾಡುತ್ತಿದ್ದ. ಪಕ್ಕದಲ್ಲಿ ಯಾರಾದರೂ ಇರಬೇಕು ಅಂದುಕೊಂಡು ಇವಳೂ ಪಿಸುಗುಟ್ಟಿದಳು.

"ಅಮ್ಮ ಎಲ್ಲಿ?"

"ಅಡುಗೆಮನೆ. ಹುಳಿ ಕುದೀತಿದೆ."

"ಅಪ್ಪ?"

"ಹಾಲ್‌ನಲ್ಲಿ."

"ಅಮ್ಮನ್ನ ನೋಡಬೇಕು."

"ನೋಡೋಣ ಕಣೋ... ಸ್ವಲ್ಪ ತಡಿ."

"ಹ್ಞೂಂ."

ಈ ಹ್ಞೂಂ ಮಾತ್ರ ಅವಳಿಗೆ ಹಿಡಿಸಲಿಲ್ಲ. ಚಂದ್ರು ಅಚ್ಛಾ ಅನ್ನುವವನು, ಹ್ಞೂಂ ಅನ್ನುವವನಲ್ಲ. ಇನ್ನೊಂದು... ಬೈಗುಳ ನಿಂತುಹೋಗಿತ್ತು. ಆಟದಲ್ಲಿ ಇವಳು ಎಡವಟ್ಟು ಮಾಡಿದರೂ ದನಿ ಸುಮ್ಮನಿರುತ್ತಿತ್ತು. ಮದುವೆ ಮೆತ್ತಗೆ ಮಾಡಿದೆ ಅಂದುಕೊಂಡಳು. ಅಷ್ಟು ಅಂಗಡಿ ಅಲೆದು ತಂದ ವಸ್ತು ಕೊನೆಗೂ ಕೆಲಸ ಮಾಡುತ್ತಿರುವಾಗ ಅದರಲ್ಲಿ ತಪ್ಪು ಹುಡುಕುವುದು ಯಾರಿಗೆ ಬೇಕು?

ಕರೆದ ತಕ್ಷಣ ಓಗೊಡುತ್ತಿದ್ದಳು. ಆಟದಲ್ಲಿ ತಡಮಾಡಿದರೆ ಪ್ರಾಣ ಹೋಗುತ್ತದೆ. ಅಮ್ಮನ ನಿಯಮ ಇದಕ್ಕೆ ಪೂರ್ತಿ ಉಲ್ಟಾ. ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರು ಕರೆದರೂ ಮೂರು ಸಲ ಆಗುವವರೆಗೆ ರತ್ನಮ್ಮ ಓ ಅನ್ನುತ್ತಿರಲಿಲ್ಲ. ಹಾಲಿನವನು ಕರೆದರೂ ಅಷ್ಟೇ, ಮೇಲಿನ ಮನೆಯ ಸರ್ದಾರಣಿ ಕರೆದರೂ ಅಷ್ಟೇ. "ಮನುಷ್ಯರಾದರೆ ಮೂರನೇ ಸಲವೂ ಅದೇ ಥರ ಕರೀತಾರೆ" ಅನ್ನುತ್ತಿದ್ದರು. ದೆಹಲಿಯಲ್ಲಿ ಹುಟ್ಟಿದ ಮಗಳು ಇದಕ್ಕೆ ನಕ್ಕು ನಕ್ಕು ಸುಸ್ತಾಗಿದ್ದಳು.

ಒಂದು ಗುರುವಾರ.

ಅಪ್ಪ ಹಾಲ್‌ನಲ್ಲಿ ರಜಾಯಿ ಹೊದ್ದು ಟಿವಿ ನೋಡುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿ. ಸ್ಫೂರ್ತಿ ಒಳಗಿನ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ. ಠಪ್. ಕರೆಂಟು ಹೋಯಿತು. ಪರದೆ ಆರಿತು. ಫ್ರಿಜ್ಜು ಗಡಗಡ ನಡುಗಿ ನಿಂತಿತು. ಇಡೀ ಬ್ಲಾಕು ಕಪ್ಪು.

"ಸ್ಫೂ..."

"ಹ್ಞಾಂ, ಹೇಳೋ. ಇಲ್ಲಿ ಲೈಟ್ ಹೋಯ್ತು."

ಹೇಳಿದ ಮೇಲೆ ಹೊಳೆಯಿತು. ಕಂಪ್ಯೂಟರ್ ಆರಿದೆ. ಇಂಟರ್‌ನೆಟ್ ಡಬ್ಬಿ ಆರಿದೆ. ಕತ್ತಲಲ್ಲಿ ತಂತಿಯನ್ನು ತಡವುತ್ತ ಹೋದಳು. ಮೇಜಿನವರೆಗೆ ಹೋಗಲೇ ಇಲ್ಲ ತಂತಿ. ಪಿನ್ನು ಅವಳ ಮಡಿಲಲ್ಲಿತ್ತು.

"ಸ್ಫೂ... ಅಮ್ಮನ ಹತ್ರ ಕೊಡು."

ಬಾಗಿಲಲ್ಲಿ ಬೆಳಕು ಬಂತು. ಅಮ್ಮ, ಕೈಯಲ್ಲಿ ಮೇಣದಬತ್ತಿ.

"ಚಂದ್ರುನಾ?" ರತ್ನಮ್ಮ ಪಿಸುಗುಟ್ಟಿದರು.

"ಅಮ್ಮಾ, ಅದು... ಹಾಡು..."

"ಬಾಯಿ ಮುಚ್ಚೇ. 'ಹಿಂದೆ ಒಬ್ಬ ಬಂದ, ತಿರುಗೋ' ಅಂತ ಹಾಡಿಗೆ ಯಾರಾದ್ರೂ ಹೇಳ್ತಾರಾ? ಮೊದಲ ದಿನದಿಂದ ಗೊತ್ತು ನಂಗೆ." ಮೇಣದಬತ್ತಿ ಮೇಜಿನ ಮೇಲಿಟ್ಟು ಕೈ ಚಾಚಿದರು. "ಇಲ್ಲಿ ಕೊಡು. ಒಂದು ಸಲ ಅವನ ದನಿ ಕೇಳ್ತೀನಿ. ನಾನು ಮಾತಾಡಲ್ಲ, ಬರೀ ಕೇಳ್ತೀನಿ."

ಕೊಡಬೇಡ ಅಂತ ಸ್ಫೂರ್ತಿಯ ಮೈಯೆಲ್ಲ ಕೂಗುತ್ತಿತ್ತು. ಕೈ ಏಳಲಿಲ್ಲ. ಅಮ್ಮನೇ ಅವಳ ತಲೆಯಿಂದ ಹೆಡ್‌ಸೆಟ್ ತೆಗೆದು ತಾವು ಹಾಕಿಕೊಂಡರು, ನೆರೆತ ಕೂದಲ ಮೇಲೆ, ಓರೆಯಾಗಿ.

ಸದ್ದಿಲ್ಲ. ಮೇಣದಬತ್ತಿ ಚಟಚಟ ಅಂದಿತು.

"ಅಮ್ಮಾ..."

ಹತ್ತಿರ ನಿಂತಿದ್ದ ಸ್ಫೂರ್ತಿಗೂ ಕೇಳಿಸಿತು. ರತ್ನಮ್ಮನ ಬಾಯಿ ತೆರೆಯಿತು. ಸೆರಗು ತುರುಕಿಕೊಂಡರು. ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೆ ಅವರು ಎಡಗೈಯ ಒಂದು ಬೆರಳು ಮಡಚಿದರು.

"ಅಮ್ಮಾ..."

ಎರಡನೇ ಬೆರಳು. ಸೆರಗನ್ನು ಇನ್ನೂ ಬಿಗಿಯಾಗಿ ಕಚ್ಚಿದರು. ವರ್ಷದ ಮೇಲಾಗಿತ್ತು ಆ ದನಿ ಕೇಳಿ. ಹಾಗೆ ಕರೆದರೆ ಯಾವ ತಾಯಿ ಸುಮ್ಮನಿರುತ್ತಾಳೆ? ರತ್ನಮ್ಮ ಸುಮ್ಮನಿದ್ದರು.

ತುಂಬ ಹೊತ್ತು... ಏನೂ ಇಲ್ಲ. ಆಮೇಲೆ ಉಸಿರು ಎಳೆದುಕೊಳ್ಳುವ ಸದ್ದು.

"ರತ್ನಾ."

ಅದೇ ದನಿ. ಚಂದ್ರುವಿನದೇ ದನಿ.

ರತ್ನಮ್ಮ ಹೆಡ್‌ಸೆಟ್ ತೆಗೆದರು. ಗಾಜಿನ ಸಾಮಾನು ಇಡುವ ಹಾಗೆ ಮೆಲ್ಲಗೆ ಮೇಜಿನ ಮೇಲಿಟ್ಟರು. ಅದರ ಮೇಲೆ ಹಳೇ ಸೀರೆಯೊಂದನ್ನು ಎಸೆದು, ಗಂಟು ಕಟ್ಟಿ, ಬಾಲ್ಕನಿಯಲ್ಲಿ ಕಲ್ಲಿದ್ದಲಿನ ಡಬ್ಬದ ಹಿಂದೆ ತಳ್ಳಿ ಬಂದರು.

"ಅವನಲ್ಲ" ಅಂದರು. ಆಮೇಲೆ, "ನಿನ್ನ ಮೊಬೈಲು ಕೊಡು."

"ಅಮ್ಮ, ಆಣೆ..."

"ಆಣೆ ಮಾಡಿದ್ದು ನೀನು. ನಾನು ಬರೀ ತಲೆ ಕೊಟ್ಟವಳು. ನನ್ನ ಬಾಯಿಂದ ಯಾರೂ ಏನೂ ಹೇಳಿಸಿಲ್ಲ."

ಇಷ್ಟು ದಿನ ಹುಡುಕಾಡಿ, ಇಷ್ಟು ಪಿನ್ನು ಬದಲಾಯಿಸಿ, ಆದೇಶದಲ್ಲಿ ಇಷ್ಟು ದೊಡ್ಡ ಸಂದು ಇದ್ದದ್ದು ಸ್ಫೂರ್ತಿಗೆ ಕಂಡಿರಲಿಲ್ಲ. ಅವಳಿಗೆ ಅಳು ಬಂತೋ ಸಿಟ್ಟು ಬಂತೋ, ಅವಳಿಗೇ ತಿಳಿಯಲಿಲ್ಲ. ಅಮ್ಮನಿಗೆ ನಂಬರು ಬಾಯಿಪಾಠವಿತ್ತು. ಒತ್ತಿದರು. ಕಿವಿಗಿಟ್ಟು ಸುಮ್ಮನೆ ನಿಂತರು.

"ಹಲೋ? ಸ್ಫೂ?... ಯಾರು?... ಅಮ್ಮಾ?"

ಸುಮ್ಮನೆ.

"ಅಮ್ಮಾ, ನೀನೇನಾ?"

ಸುಮ್ಮನೆ.

"ಅಮ್ಮಾ! ಮಾತಾಡೇ, ಯಾಕೆ ಹೆದರಿಸ್ತೀಯ!"

"ಓ" ಅಂದರು ರತ್ನಮ್ಮ. "ಓ, ಮಗನೇ." ಹಾಗೇ ಗೋಡೆಗೊರಗಿ ಕುಸಿದು ಕೂತರು.

ಅತ್ತದ್ದೆಲ್ಲ ಆದಮೇಲೆ ಚಂದ್ರು ಕೇಳಿದ್ದು ತಂಗಿಯ ವಿಷಯ. "ಆ ಕತ್ತೆಗೆ ಏನಾಗಿದೆ? ಮೂರು ವಾರದಿಂದ ದಿನಾ ಆಟಕ್ಕೆ ಬರ್ತಾಳೆ, ಓಡಾಡ್ತಾಳೆ, ಬಾಯಿ ಮಾತ್ರ ಬಿಡಲ್ಲ. ಮೈಕ್ ಸರಿಮಾಡಿಸಿಕೋ ಅಂತ ಕಿರಿಚಿ ಕಿರಿಚಿ ಸಾಕಾಗಿ, ನಾನೂ ಹೆಡ್‌ಸೆಟ್ ತೆಗೆದಿಟ್ಟೆ."

ಸ್ಫೂರ್ತಿ ಅಮ್ಮನ ಮುಖ ನೋಡಿದಳು. ಅಮ್ಮ ಬಾಲ್ಕನಿಯ ಬಾಗಿಲ ಕಡೆ ನೋಡುತ್ತಿದ್ದರು. ಕರೆಂಟು ಬಂತು. ಇಬ್ಬರೂ ಬೆಚ್ಚಿಬಿದ್ದರು.

ಮರುದಿನ ಬೆಳಗ್ಗೆ ರತ್ನಮ್ಮ ಗಂಡನಿಗೆ ಕಾಫಿ ಕೊಟ್ಟು, ಇಳಿಸಿದ ದನಿಯಲ್ಲೇ ಅಂದರು: "ಭಾನುವಾರ ಮಗ ಸೊಸೆ ಊಟಕ್ಕೆ ಬರ್ತಾರೆ." ಸ್ಫೂರ್ತಿ ಬಾಗಿಲ ಹಿಂದೆ ಉಸಿರು ಬಿಗಿಹಿಡಿದಿದ್ದಳು. ಸೋಮಶೇಖರ ಪೇಪರ್ ಮಡಚಿದರು. "ಬರಲಿ. ಅವಳಿಗೆ ನಮ್ಮ ಖಾರ ಆಗುತ್ತೋ ಇಲ್ಲವೋ, ನೋಡಿಕೊಂಡು ಹಾಕು" ಅಂದರು. ಇಷ್ಟೇ. ತಾಯಿ ಮಗಳು ಎರಡು ದಿನ ಅದನ್ನೇ ಮಾತಾಡಿದರು. ಯಾವ ದೇವರು ಇವರ ಮನಸ್ಸು ತಿರುಗಿಸಿದ?

ಭಾನುವಾರ ಚಂದ್ರು ಬಂದ. ಕೈಯಲ್ಲಿ ಎಳ್ಳುಬೆಲ್ಲದ ಗಜಕ್ ಡಬ್ಬ, ಹಿಂದೆ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡ ಜಸ್ಲೀನ್. ಕಾಲುಮುಟ್ಟಿದ್ದಾಯಿತು, ಕಣ್ಣೊರೆಸಿಕೊಂಡದ್ದಾಯಿತು. ಊಟಕ್ಕೆ ಮುಂಚೆ ಚಂದ್ರು ಬಾಲ್ಕನಿಯಿಂದ ಆ ಗಂಟು ತಂದು ಬಿಚ್ಚಿದ. ಕಂಪ್ಯೂಟರಿಗೆ ಚುಚ್ಚಿದ. ಎಕ್ಸ್‌ಬಾಕ್ಸಿಗೆ ಚುಚ್ಚಿದ. ತನ್ನ ಮೊಬೈಲಿಗೂ ನೋಡಿದ.

"ಇದು ಯಾವುದಕ್ಕೂ ಆಗಲ್ಲ ಕಣೇ. ಸತ್ತಿದೆ. ಯಾವನು ಕೊಟ್ಟ ಇದನ್ನ ನಿಂಗೆ?"

ಊಟಕ್ಕೆ ಕೂತರು. ಬಿಸಿಲು ಬಂದಿತ್ತು. ಜಸ್ಲೀನ್ ಹುಳಿಗೆ ರೊಟ್ಟಿ ಅದ್ದಿ ತಿನ್ನುವುದನ್ನು ನೋಡಿ ರತ್ನಮ್ಮ ನಗುತ್ತಿದ್ದರು. ಸೋಮಶೇಖರ ಅನ್ನ ಕಲಸುತ್ತ, ಮಗನ ಮುಖ ನೋಡದೆ, ಮೆಲ್ಲಗೆ ಅಂದರು:

"ಗುರುವಾರ ಬಂದಾಗಲೇ ಇವಳನ್ನೂ ಕರ್ಕೊಂಡು ಬರೋದಲ್ವೇನೋ? ಕರೆಂಟಿಲ್ಲದ ಹೊತ್ತಲ್ಲಿ ಬಂದೆ. ಅಪ್ಪಾ ಅಂತ ಒಂದು ಸಲ ಕರೆದೆ, ನಾನು ಬಾಗಿಲು ತೆಗೆದೆ. ಇವತ್ತು ಇಲ್ಲೇ ಮಲಗು ಅಂದಿದ್ದಕ್ಕೆ ನೀನು ಒಳಗೆ ಹೋದೆ. ಬೆಳಗ್ಗೆ ನೋಡಿದ್ರೆ ಇಲ್ಲ. ಚಿಲಕ ನಾನು ಒಳಗಿನಿಂದ ಹಾಕಿದ ಹಾಗೇ ಇತ್ತು. ಯಾವ ಕಡೆಯಿಂದ ಹೋದೆ ನೀನು?"

ಚಂದ್ರುವಿನ ಕೈ ಬಾಯಿಯವರೆಗೆ ಬಂದು ನಿಂತಿತ್ತು.

ಕನ್ನಡ ಬಾರದ ಜಸ್ಲೀನ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಕ್ಯಾ ಹುವಾ? ಪಾಪಾಜಿ ನೇ ಕ್ಯಾ ಕಹಾ?"

ಅವಳಿಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ. ಕಟ್ಟುಕತೆಯಾಗಿದ್ದರೆ, ನಗಿಸುವುದಕ್ಕಾದರೂ, ಎಂದೋ ಹೇಳಿರುತ್ತಿದ್ದರು.